ಮೆಟ್ಟಿಲಿಗೆ ಬೇರೆ

ಕುರ್ಚಿ, ಮೇಜು, ಶಾಮಿಯಾನ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಊರಿಗೆ ಮರೆತೇಹೋಗಿತ್ತು. ಎಲ್ಲರ ಬಾಯಲ್ಲೂ ಅವನು ಅದ್ಬೇರೆ. ಎದುರಿಗೆ ಯಜಮಾನ್ರೇ, ಬೆನ್ನು ತಿರುಗಿಸಿದ ಕೂಡಲೇ ಅದ್ಬೇರೆ.

ಹೆಸರು ಬಂದದ್ದು ಅವನ ಬಾಯಿಂದಲೇ. ಮದುವೆ ಇಟ್ಟುಕೊಂಡವರು ಬಂದು ಕುರ್ಚಿಯ ಬಾಡಿಗೆ ಕೇಳಿದರೆ, ಕೇಳಿದವರು ತಮ್ಮ ಕಿವಿಯನ್ನೇ ನಂಬದಷ್ಟು ಕಡಿಮೆ ದರ ಹೇಳುತ್ತಿದ್ದ. ಅವರು ಒಳಗೊಳಗೇ ಹಿಗ್ಗಿ, ಹಾಲ್‌ವರೆಗೆ ನೀವೇ ತಂದು ಕೊಡ್ತೀರಲ್ಲ ಎಂದು ಕೇಳಿದರೆ, ಅದು ಬೇರೆ. ಹಾಲ್ ಮೇಲಿನ ಮಹಡಿಯಲ್ಲಿದ್ದರೆ ಮೆಟ್ಟಿಲಿನ ಚಾರ್ಜು ಬೇರೆ. ದೀಪ ಹಚ್ಚಿದ ಮೇಲೆ ಸಾಮಾನು ವಾಪಸ್ ಬಂದರೆ ಕತ್ತಲೆ ಚಾರ್ಜು. ಪಾತ್ರೆಯ ತಳ ಕಪ್ಪಾಗಿದ್ದರೆ ಮಸಿ ಚಾರ್ಜು. ಮಳೆ ಬಂದರೆ ಶಾಮಿಯಾನಕ್ಕೆ ಒದ್ದೆ ಚಾರ್ಜು. ಒಲೆಯ ಮೇಲಿಟ್ಟ ಪಾತ್ರೆಗೆ ಮಸಿ ಹತ್ತದೆ ಇನ್ನೇನು ಹತ್ತುತ್ತದೆ ಎಂದು ಯಾರಾದರೂ ಕೇಳಿದರೆ, ಅದಕ್ಕೇ ಅಲ್ವಾ ಚಾರ್ಜು ಇಟ್ಟಿರೋದು ಎನ್ನುತ್ತಿದ್ದ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅಂಗಡಿಯ ಪ್ರತಿಯೊಂದು ವಸ್ತುವಿನ ಮೇಲೂ ಕೆಂಪು ಬಣ್ಣದಲ್ಲಿ ಬಳಿದ ಒಂದು ಬಳೆ, ಅದರ ನಡುವೆ ಒಂದು ಗೀಟು. ಕುರ್ಚಿಯ ಬೆನ್ನಿಗೆ, ಸೌಟಿನ ಹಿಡಿಗೆ, ಬಕೆಟ್ಟಿನ ತಳಕ್ಕೆ. ಆ ಗುರುತಿನ ವಸ್ತು ಯಾರ ಮನೆಯಲ್ಲಿ ಉಳಿಯಿತೋ ಅವರ ಮೇಲೆ ದಿನದ ಬಾಡಿಗೆ ಏರುತ್ತಲೇ ಹೋಗುತ್ತಿತ್ತು. ಹಾಗಾಗಿ ಕೆಂಪು ಬಳೆಯ ಸೌಟು ಅಪ್ಪಿತಪ್ಪಿ ಅಡುಗೆಮನೆಯಲ್ಲಿ ಕಂಡರೆ ಜನ ಹಾವು ಕಂಡವರ ಹಾಗೆ ಹಿಂದೆ ಸರಿಯುತ್ತಿದ್ದರು; ಮುಖ ತೊಳೆಯುವ ಮೊದಲು ಅದನ್ನು ಅಂಗಡಿಗೆ ಮುಟ್ಟಿಸಿ ಕೈ ತೊಳೆದುಕೊಳ್ಳುತ್ತಿದ್ದರು.

ಇಷ್ಟಾದರೂ ತಾನು ಯಾರಿಗೂ ಮೋಸ ಮಾಡಿಲ್ಲ ಎಂಬುದು ಅದ್ಬೇರೆಯ ದೃಢ ನಂಬಿಕೆ. ವ್ಯಾಪಾರದಲ್ಲಿ ಅವನದೊಂದು ಪದ್ಧತಿ ಇತ್ತು. ಮೇಲಿನ ಖರ್ಚುಗಳನ್ನು ಹೇಳುವುದೇ ಜಗ್ಗಾಡಲಿಕ್ಕೆ. ಗಿರಾಕಿ ಕೂಗಾಡಬೇಕು, ಇವನು ತಲೆ ಕೆರೆದುಕೊಳ್ಳಬೇಕು, ಕೊನೆಗೆ ಕತ್ತಲೆಯನ್ನೋ ಮಸಿಯನ್ನೋ ಅರ್ಧ ಬಿಡಬೇಕು, ಗಿರಾಕಿ ಗೆದ್ದೆನೆಂದು ಮೀಸೆ ತಿರುವಿಕೊಂಡು ಹೋಗಬೇಕು. ಮೊದಲ ದಿನವೇ ಎಲ್ಲದಕ್ಕೂ ಹೂಂ ಎಂದು ದುಡ್ಡು ಇಟ್ಟುಹೋಗುವವನು ಅವನ ಪಾಲಿಗೆ ಶುದ್ಧ ದಡ್ಡ. ಅಂಥವನಿಗೆ ಅವನು ಎಂದೂ ಏನನ್ನೂ ಬಿಟ್ಟವನಲ್ಲ. ಜಗತ್ತಿನ ಎಲ್ಲ ವ್ಯಾಪಾರವೂ ಹೀಗೆಯೇ ನಡೆಯುತ್ತದೆ ಎಂದು ಅವನು ತಿಳಿದಿದ್ದ. ಅವನಿಗೆ ಪೆಟ್ಟು ಬಿದ್ದದ್ದು ಇಲ್ಲಿಯೇ.

ಸಾಮಾನು ಇಡುತ್ತಿದ್ದ ಗೋದಾಮು ಅಮ್ಮ ಬಿಟ್ಟುಹೋದದ್ದು. ಎರಡು ಅಂತಸ್ತು. ಎಡಭಾಗ ಮಗಳಿಗೆ, ಬಲಭಾಗ ಮಗನಿಗೆ ಎಂದು ಅಮ್ಮ ಬಾಯಿಬಿಟ್ಟು ಹೇಳಿ, ಬರೆಸಿಯೂ ಹೋಗಿದ್ದಳು. ಮೇಲಕ್ಕೆ ಹತ್ತುವ ಮೆಟ್ಟಿಲು ಎಡಭಾಗದಲ್ಲಿತ್ತು. ಅಕ್ಕ ದೂರದ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ತನ್ನ ಭಾಗಕ್ಕೆ ಬಾಡಿಗೆ ಕೇಳಿದವಳಲ್ಲ, ತಮ್ಮ ಕೊಟ್ಟವನೂ ಅಲ್ಲ. ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಪಾತ್ರೆ. ಮೇಲೆ ಬೆಲೆಬಾಳುವ ಸಾಮಾನು: ಸೋಫಾ, ರತ್ನಗಂಬಳಿ, ಗಾಜಿನ ದೀಪಗಳು. ಆದಾಯದ ದೊಡ್ಡ ಪಾಲು ಮೇಲಿನಿಂದ ಇಳಿದುಬರುತ್ತಿತ್ತು, ಇಳಿಯುವ ದಾರಿ ಅಕ್ಕನದು.

ಅಕ್ಕ ತಮ್ಮಂದಿರ ನಡುವೆ ಮಾತು ನಿಂತಿತ್ತು. ಈ ಊರಿನಲ್ಲೇ ನಡೆದ ಅಕ್ಕನ ಮಗಳ ಮದುವೆಯಲ್ಲಿ ಸೋದರಮಾವನಾಗಿ ಅದ್ಬೇರೆ ಎಲ್ಲರ ಮುಂದೆ ಎದ್ದು ನಿಂತು, ಕುರ್ಚಿಗಳೆಲ್ಲ ನನ್ನ ಉಡುಗೊರೆ, ಒಂದು ಕಾಸು ಬೇಡ ಎಂದು ಘೋಷಿಸಿದ್ದ. ಜನ ಚಪ್ಪಾಳೆ ತಟ್ಟಿದ್ದರು. ಮಾರನೆಯ ದಿನ ಬೀಗರು ಹೊರಡುವ ಹೊತ್ತಿಗೆ ಅವನ ಆಳು ಬಂದು ಬಾಗಿಲಲ್ಲಿ ನಿಂತ. ಕುರ್ಚಿಗೆ ಏನೂ ಇಲ್ಲ, ಮೆಟ್ಟಿಲಿಗೆ ಇಷ್ಟು, ಕತ್ತಲೆಗೆ ಇಷ್ಟು, ಮಸಿಗೆ ಇಷ್ಟು. ಅಕ್ಕ ಒಳಗೆ ಹೋಗಿ ದುಡ್ಡು ತರುವಷ್ಟರಲ್ಲಿ ಗಂಡಿನ ತಂದೆ ಜೇಬಿಗೆ ಕೈಹಾಕಿ, ಪಾಪ ಹೋಗ್ಲಿ ಬಿಡಿ ಎಂದು ಕೊಟ್ಟೇಬಿಟ್ಟರು. ಆ 'ಪಾಪ'ವನ್ನು ಅಕ್ಕ ಇನ್ನೂ ನುಂಗಿರಲಿಲ್ಲ.

ಹೀಗಿರುವಾಗ ಎದುರಂಗಡಿಯವನು ಅಕ್ಕನ ಊರಿಗೆ ಹೋಗಿಬಂದ. ಅವನದೂ ಬಾಡಿಗೆ ಸಾಮಾನಿನ ವ್ಯಾಪಾರವೇ. ಅದ್ಬೇರೆಯ ಅಂಗಡಿ ಮುಚ್ಚುವುದನ್ನು ಕಣ್ಣಾರೆ ಕಾಣದೆ ಸಾಯಬಾರದು ಎಂದು ಬದುಕುತ್ತಿದ್ದ ಮನುಷ್ಯ. ಗೋದಾಮಿನ ಎಡಭಾಗಕ್ಕೆ ಅವನು ಒಳ್ಳೆಯ ಬೆಲೆ ಹೇಳಿ, ಭಾನುವಾರ ಸಂಜೆ ಮುಂಗಡದ ಜೊತೆ ಬರುತ್ತೇನೆ ಎಂದಿದ್ದ. ಸುದ್ದಿ ಕಿವಿಗೆ ಬಿದ್ದಾಗ ಅದ್ಬೇರೆಗೆ ಮೊದಲು ಕಣ್ಣೆದುರು ಬಂದದ್ದು ಗೋಡೆ ಅಲ್ಲ, ಮೆಟ್ಟಿಲು. ಅದು ಕೈತಪ್ಪಿದರೆ ಮೇಲಿನ ಸೋಫಾಗಳನ್ನು ಕಿಟಕಿಯಿಂದ ಹಗ್ಗ ಕಟ್ಟಿ ಇಳಿಸಬೇಕು. ಅಷ್ಟು ವರ್ಷಗಳ ಮೇಲೆ ಅಕ್ಕನಿಗೆ ಫೋನ್ ಮಾಡಿದ.

ಅಕ್ಕ ಕುಶಲ ಕೇಳಲಿಲ್ಲ. ಎದುರಂಗಡಿಯವನು ಹೇಳಿದ ಬೆಲೆಯನ್ನೇ ನೀನೂ ಕೊಡು, ಒಂದು ಕಾಸು ಹೆಚ್ಚು ಬೇಡ ಎಂದಳು. ಅದ್ಬೇರೆ ಉಸಿರು ಬಿಡುವಷ್ಟರಲ್ಲಿ ಮುಂದುವರಿಸಿದಳು.

"ಅಮ್ಮನ ಹೊಲಿಗೆ ಮೆಷಿನ್ ನನಗೆ ಬೇಕು. ಪಾರ್ಸೆಲ್ ಮಾಡ್ಬೇಡ, ಬಾಗಿಲಿಂದಲೇ ವಾಪಸ್ ಕಳಿಸ್ತೀನಿ. ಅಮ್ಮ ಬಿಟ್ಟುಹೋದಾಗ ಹೇಗಿತ್ತೋ ಹಾಗೇ, ಪೂರ್ತಿ, ಕೈಯಲ್ಲಿ ಹೊತ್ಕೊಂಡು ಬಂದು ನನ್ನ ಮೇಜಿನ ಮೇಲಿಡ್ಬೇಕು. ಭಾನುವಾರ ಸಂಜೆ ಒಳಗೆ ಯಾರು ತಂದಿಟ್ರೂ ಭಾಗ ಅವರಿಗೆ. ಎದುರಂಗಡಿಯವನೇ ತಂದ್ರೂ ಅವನಿಗೇ."

ಮೆಷಿನ್ ಎಂದರೆ ಕೈಯಲ್ಲಿ ತಿರುಗಿಸುವ ಹಳೆಯ ಕಬ್ಬಿಣದ್ದು, ಮರದ ಪೀಠದ ಮೇಲೆ ಕೂತದ್ದು. ಅಂಗಡಿಯ ಮೊದಲ ಶಾಮಿಯಾನವನ್ನು ಅಮ್ಮ ಅದರಲ್ಲೇ ಹೊಲಿದಿದ್ದಳು, ಅಕ್ಕ ಹೊಲಿಗೆ ಕಲಿತದ್ದೂ ಅದರಲ್ಲೇ. ಅದು ಮಗಳಿಗೆ ಎಂದು ಅಮ್ಮ ಹೇಳಿದ್ದು ಅದ್ಬೇರೆಗೂ ಕೇಳಿಸಿತ್ತು. ಕೇಳಿಸಿದ್ದಕ್ಕೇ ಆ ವಾರವೇ ಪೀಠದ ಮೇಲೆ ಕೆಂಪು ಬಳೆ ಬಳಿದು ಅಂಗಡಿಯ ಸಾಮಾನು ಮಾಡಿಬಿಟ್ಟಿದ್ದ.

ರೈಲಿನಲ್ಲಿ ಜಾಗವಿರಲಿಲ್ಲ, ಬಸ್ಸು ಹೊತ್ತಿಗೆ ಮುಟ್ಟುತ್ತಿರಲಿಲ್ಲ. ಉಳಿದದ್ದು ವಿಮಾನ. ಟಿಕೆಟ್ಟನ್ನು ಹೆಂಡತಿ ತನ್ನ ಫೋನಿನಲ್ಲಿ ಹುಡುಕಿದಳು. ದರ ನೋಡಿ ಅದ್ಬೇರೆಗೆ ಗೌರವ ಮೂಡಿತು. ತನ್ನ ಕುರ್ಚಿಯ ದರದ ಹಾಗೆಯೇ ಅದೂ ನಂಬಲಾಗದಷ್ಟು ಕಡಿಮೆ. ಇದು ನಮ್ಮ ಜಾತಿಯ ವ್ಯಾಪಾರ ಕಣೇ, ಹುಷಾರಾಗಿರು ಎಂದ. ಅವಳು ಪರದೆಯ ಮೇಲೆ ಬಂದದ್ದನ್ನು ಓದುತ್ತ ಹೋದಳು, ಅವನು ಬೇಡ ಎನ್ನುತ್ತ ಹೋದ. ಸೀಟು ಆರಿಸಿಕೊಳ್ಳಬೇಕೇ, ಬೇಡ. ಊಟ, ಬೇಡ. ಮೊದಲು ಹತ್ತುವ ಸೌಕರ್ಯ, ಮೊದಲು ಹತ್ತಿದವನು ಮೊದಲು ಇಳೀತಾನಾ, ಬೇಡ. ವಿಮೆಗೆ ಅವರೇ ಟಿಕ್ ಹಾಕಿಟ್ಟಿದ್ದರು. ಅದನ್ನು ತೆಗೆಸುವಾಗ, ಕೈಚಳಕ ಚೆನ್ನಾಗಿದೆ, ನಾನು ಮಸಿ ಚಾರ್ಜನ್ನು ಹೀಗೇ ಮೊದಲೇ ಸೇರಿಸಿಟ್ಟಿರ್ತೀನಿ ಎಂದು ಮೆಚ್ಚಿಕೊಂಡ. ಸಾಮಾನಿನ ಪುಟ ಬಂದಾಗ ಹೆಂಡತಿ ಕೈ ತಡೆದಳು. ಈ ದರಕ್ಕೆ ಕೈಚೀಲ ಒಂದೇ, ಮೆಷಿನ್ ಅದಕ್ಕಿಂತ ಭಾರ, ಈಗಲೇ ಕಟ್ಟಿದರೆ ಕಡಿಮೆ ಎಂದಳು.

"ಮುಂಚೆನೇ ಕಟ್ಟೋರು ದಡ್ಡರು. ಅಲ್ಲಿ ಹೋಗಿ ನಿಂತು ಮಾತಾಡಿದ್ರೆ ಅರ್ಧಕ್ಕೆ ಬರ್ತಾರೆ."

"ಅವರು ನಿಮ್ಮ ಹಾಗಲ್ಲ ಇರ್ಬಹುದು ರೀ."

"ವ್ಯಾಪಾರ ಮಾಡೋನು ಎಲ್ಲ ಕಡೆ ಒಂದೇ ಥರ. ಬೇಡ ಒತ್ತು."

ಅವಳು ಒತ್ತಿದಳು. ಕೊನೆಗೆ ದುಡ್ಡು ಕಟ್ಟುವುದಕ್ಕೂ ಅನುಕೂಲ ಶುಲ್ಕ ಎಂದು ಒಂದು ಬಂತು. ದುಡ್ಡು ಇಸಿದುಕೊಳ್ಳುವುದಕ್ಕೂ ದುಡ್ಡು ಕೇಳಬಹುದೆಂದು ಅದ್ಬೇರೆಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಹೊಟ್ಟೆ ಉರಿಯಿತು, ಉರಿದದ್ದು ಕೊಟ್ಟದ್ದಕ್ಕೋ ಹೊಳೆಯದ್ದಕ್ಕೋ ಎಂಬುದನ್ನು ಅವನೇ ಹೇಳಬೇಕು.

ಶನಿವಾರ ಬೆಳಿಗ್ಗೆ ಮೆಷಿನನ್ನು ಕ್ಯಾನ್ವಾಸ್ ಚೀಲದಲ್ಲಿ ಹೊತ್ತು ವಿಮಾನ ನಿಲ್ದಾಣ ತಲುಪಿದ. ಮೊದಲ ಹೊಡೆತ ಬೋರ್ಡಿಂಗ್ ಪಾಸಿನದು. ಫೋನಿನಲ್ಲೇ ಮಾಡಿಕೊಂಡು ಬರಬೇಕಿತ್ತು, ಕೌಂಟರಿನಲ್ಲಿ ಅಚ್ಚು ಹಾಕಿಸಿದರೆ ಶುಲ್ಕ. ಒಂದು ಚೂರು ಕಾಗದಕ್ಕೆ ಶುಲ್ಕವೇ ಎಂದು ಕೇಳಿದ. ಕೌಂಟರಿನ ಹುಡುಗಿ ಹೌದು ಸರ್ ಎಂದಳು. ಆ 'ಹೌದು ಸರ್' ಅನ್ನು ಅವಳು ಬೆಳಿಗ್ಗೆಯೇ ಇಸ್ತ್ರಿ ಮಾಡಿ ತಂದಂತಿತ್ತು, ಎಲ್ಲಿಯೂ ಒಂದು ಸುಕ್ಕು ಇಲ್ಲ.

ಚೀಲವನ್ನು ತೂಕಕ್ಕೆ ಇಡಿಸಿದಳು. ಮಿತಿಗಿಂತ ಬಹಳ ಮೇಲೆ. ಅವಳು ಹೇಳಿದ ಮೊತ್ತ ಟಿಕೆಟ್ಟಿಗಿಂತ ಹೆಚ್ಚಾಗಿತ್ತು. ಸರಿ, ಈಗ ಆಟ ಶುರುವಾಯಿತು ಎಂದುಕೊಂಡ ಅದ್ಬೇರೆ ತನ್ನ ಗಿರಾಕಿಗಳಿಂದ ಕಲಿತ ಪಾಠವನ್ನೆಲ್ಲ ಒಪ್ಪಿಸಿದ. ಮೊದಲು ನಕ್ಕ. ಆಮೇಲೆ ಗಂಟುಮುಖ ಹಾಕಿದ. ಚೀಲ ಹೆಗಲಿಗೇರಿಸಿ ಹೊರಟೇಹೋಗುವವನ ಹಾಗೆ ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದ. ಅಷ್ಟರಲ್ಲಿ ಅವಳು ಹಿಂದಿನವರ ಪೆಟ್ಟಿಗೆ ತೂಗುತ್ತಿದ್ದಳು. ಕರೆಯದೆ ವಾಪಸ್ ಬಂದ ಗಿರಾಕಿ ಎಷ್ಟು ಸಸ್ತಾ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಬಂದು, ಒಂದು ಮಾತು ಹೇಳು ತಾಯಿ, ಕೊನೇ ಬೆಲೆ ಎಷ್ಟು ಎಂದ.

"ಇದು ಬೆಲೆ ಅಲ್ಲ ಸರ್, ಶುಲ್ಕ. ಟಿಕೆಟ್ ಜೊತೆಗೇ ಕಟ್ಟಿದ್ರೆ ಇದರ ಮೂರನೇ ಒಂದು ಭಾಗ ಆಗ್ತಿತ್ತು. ಗೇಟ್ ಹತ್ರ ಹೋದ್ಮೇಲೆ ಇನ್ನೂ ಜಾಸ್ತಿ."

"ನಿಮ್ಮ ಯಜಮಾನ್ರನ್ನ ಕರಿ, ನಾನು ಮಾತಾಡ್ತೀನಿ."

"ಅವರು ಯಾರು ಅಂತ ನನಗೂ ಗೊತ್ತಿಲ್ಲ ಸರ್."

ಜಗ್ಗಾಡಲು ಎದುರಿಗೆ ಒಂದು ಮನುಷ್ಯಪ್ರಾಣಿಯೂ ಇಲ್ಲದ ಅಂಗಡಿಯನ್ನು ಅದ್ಬೇರೆ ಮೊದಲ ಸಲ ನೋಡುತ್ತಿದ್ದ. ಹುಡುಗಿಯ ಕೈಯಲ್ಲಿ ಬಿಡುವುದು ಏನೂ ಇರಲಿಲ್ಲ. ಬಿಡುವ ಅಧಿಕಾರವನ್ನೇ ಕೊಡದೆ ಕೂರಿಸಿದ್ದರು. ಅದು ಎಷ್ಟು ನೀಚ ಬುದ್ಧಿ, ಎಷ್ಟು ಒಳ್ಳೆಯ ಬುದ್ಧಿ ಎಂದು ಅವನಿಗೆ ಒಟ್ಟಿಗೇ ಅನ್ನಿಸಿತು.

ಕೊಡಲು ಮನಸ್ಸಿಲ್ಲದವನಿಗೆ ಕೈ ಚುರುಕು. ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ದೊಡ್ಡ ದೀಪಗುಚ್ಛಗಳನ್ನು ಬಿಚ್ಚಿ ಬಿಡಿಬಿಡಿಯಾಗಿ ಸಾಗಿಸಿ ಗೊತ್ತಿದ್ದ ಕೈ ಅದು. ಮೆಷಿನಿನ ಗಾಲಿ ಬಿಚ್ಚಿ ಕೋಟಿನ ಬಲಜೇಬಿಗೆ ಇಳಿಸಿದ. ತಿರುಗಿಸುವ ಹಿಡಿ ಎಡಜೇಬಿಗೆ. ಬಟ್ಟೆ ಒತ್ತುವ ಪಾದ, ತಗಡುಗಳು, ದಾರ ಸುತ್ತುವ ಬಾಬಿನ್ ಒಳಜೇಬಿಗೆ. ಇಷ್ಟಾದರೂ ತೂಕ ಮಿತಿಯ ಮೇಲೇ ನಿಂತಿತು. ಉಳಿದದ್ದು ಮರದ ಪೀಠ. ಅವನ ಕಣ್ಣಿಗೆ ಅದೊಂದು ಹಲಗೆ. ಅಲ್ಲಿ ಹೋಗಿ ಯಾವ ಬಡಗಿಯ ಕೈಲಾದರೂ ಒಂದು ಮಾಡಿಸಿದರಾಯಿತು, ಕಬ್ಬಿಣ ಇದೆಯಲ್ಲ ಎಂದುಕೊಂಡು ಪೀಠವನ್ನು ಬಿಚ್ಚಿ ಕಸದ ಡಬ್ಬದ ಪಕ್ಕ ನಿಲ್ಲಿಸಿದ. ಕೆಂಪು ಬಳೆ ಅವನನ್ನೇ ನೋಡುತ್ತಿತ್ತು. ಚೀಲ ತೂಕಕ್ಕೆ ಬಂತು. ಹುಡುಗಿ ಅವನ ಉಬ್ಬಿದ ಜೇಬುಗಳನ್ನು ಒಮ್ಮೆ ನೋಡಿ ಪಾಸು ಕೊಟ್ಟಳು. ಗೆದ್ದೆ ಎಂದುಕೊಂಡು ಅವನು ಒಂದು ಕಡೆಗೆ ವಾಲಿಕೊಂಡೇ ಮುಂದೆ ನಡೆದ.

ಗೆಲುವು ತಪಾಸಣೆಯವರೆಗೆ ಬಾಳಿತು. ಅಲ್ಲಿನ ಲೋಹ ಪತ್ತೆಹಚ್ಚುವ ಬಾಗಿಲೊಳಗೆ ಕಾಲಿಟ್ಟದ್ದೇ ತಡ, ಅದು ಅವನ ಮೈಯನ್ನೆಲ್ಲ ಕಂಡು ಕೂಗಿಕೊಂಡಿತು. ಕೋಟು ಬಿಚ್ಚಿಸಿ ಒಂದೊಂದೇ ಬಿಡಿಭಾಗವನ್ನು ತಟ್ಟೆಯಲ್ಲಿ ಇಡಿಸಿದರು. ಇದೇನು, ಅದೇನು ಎಂದು ಕೇಳಿದ ಅಧಿಕಾರಿಗೆ ಹೊಲಿಗೆ ಮೆಷಿನ್ ಎಂದು ಹೇಳಿ ಸಾಕಾಯಿತು. ಹೊಲಿಗೆ ಮೆಷಿನನ್ನು ಮೈಮೇಲೆ ಹಾಕಿಕೊಂಡು ಓಡಾಡುವವನನ್ನು ಅವರು ಕಂಡಿರಲಿಲ್ಲ. ಸ್ಕ್ರೂಡ್ರೈವರ್ ಕಿತ್ತುಕೊಂಡರು. ಇಷ್ಟು ಕಬ್ಬಿಣ ಜೇಬಿನಲ್ಲಿ ಬೇಡ, ಎಲ್ಲ ಚೀಲಕ್ಕೆ ಹಾಕಿ ಎಂದು ಎದುರಿಗೇ ನಿಂತು ಹಾಕಿಸಿದರು. ಗಾಲಿ, ಹಿಡಿ, ಪಾದ ಎಲ್ಲ ಮತ್ತೆ ಚೀಲ ಸೇರಿದವು. ಚೀಲ ಮತ್ತೆ ಮೊದಲಿನ ಹಾಗೆಯೇ ದುಡ್ಡು ಕೇಳುವ ತೂಕಕ್ಕೆ ಬಂತು.

ಗೇಟಿನಲ್ಲಿ ಇನ್ನೊಂದು ತೂಕದ ಯಂತ್ರ ಅವನಿಗಾಗಿಯೇ ಬಾಯಿ ತೆರೆದು ಕೂತಿತ್ತು. ಇಲ್ಲಿಯ ದರ ಕೌಂಟರಿನದಕ್ಕಿಂತ ಹೆಚ್ಚು. ಎಲ್ಲರೂ ಒಳಗೆ ಹೋಗುತ್ತಿದ್ದರು, ಬಾಗಿಲು ಮುಚ್ಚುವ ಹೊತ್ತು, ಹಿಂದೆ ಹೋಗುವಂತಿಲ್ಲ. ಗಿರಾಕಿ ಓಡಿಹೋಗಲಾಗದ ಜಾಗದಲ್ಲಿ ದರ ಏರಿಸುವುದು ಅವನ ಒದ್ದೆ ಚಾರ್ಜಿನ ಒಳಗುಟ್ಟು. ಮಳೆಯಲ್ಲಿ ಶಾಮಿಯಾನ ಬಿಚ್ಚಿ ಕೊಡುತ್ತೇನೆ ಎನ್ನುವವರು ಯಾರಿದ್ದಾರೆ? ಅದ್ಬೇರೆ ಕಾರ್ಡು ತೆಗೆದುಕೊಟ್ಟ. ಆಗಲೇ ಪೀಠದ ನೆನಪಾಯಿತು. ಅದನ್ನು ಬಿಟ್ಟದ್ದು ಈ ದುಡ್ಡು ಉಳಿಸಲಿಕ್ಕೆ. ಈಗ ದುಡ್ಡೂ ಹೋಯಿತು, ಪೀಠವೂ ಹೋಯಿತು. ಹೊರಗೆ ಹೋಗಿ ತರಬಹುದೇ ಎಂದು ಕೇಳಿದ. ಹೋಗಬಹುದು, ವಿಮಾನ ಕಾಯುವುದಿಲ್ಲ, ಮುಂದಿನ ವಿಮಾನಕ್ಕೆ ಬದಲಾಯಿಸಲು ಶುಲ್ಕ ಎಂದರು.

ಸೀಟು ಆರಿಸದವನಿಗೆ ಸಿಕ್ಕುವ ಸೀಟು ಕೊನೆಯ ಸಾಲಿನ ನಡುವಿನದು, ಬೆನ್ನಿಗೆ ಶೌಚಾಲಯದ ಗೋಡೆ. ಎರಡು ಬದಿಯಲ್ಲೂ ದಪ್ಪ ಮನುಷ್ಯರು. ಕೈಯಿಡುವ ಪಟ್ಟಿಗಳು ಅವರ ಪಾಲಾಗಿದ್ದವು. ಬಾಯಿ ಒಣಗಿ ನೀರು ಕೇಳಿದ. ಗಗನಸಖಿ ದರ ಹೇಳಿದಳು. ಅದ್ಬೇರೆ ಇಳಿಯುವವರೆಗೆ ಉಗುಳು ನುಂಗಿಕೊಂಡು ಕೂತ.

ಅಕ್ಕನ ಹೊಲಿಗೆ ಅಂಗಡಿ ಒಂದು ಇಕ್ಕಟ್ಟಾದ ಬೀದಿಯ ನೆಲಮಹಡಿಯಲ್ಲಿ. ಮುಂದಿನ ಕೋಣೆಯಲ್ಲಿ ಇಬ್ಬರು ಹೆಂಗಸರು ಮೆಷಿನ್ ತುಳಿಯುತ್ತಿದ್ದರು, ಅಕ್ಕ ನಿಂತು ಬಟ್ಟೆ ಕತ್ತರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕತ್ತರಿ ಹಿಡಿದ ಕೈ ಮಾತ್ರ ಹಾಗೆಯೇ ಇತ್ತು. ತಮ್ಮನನ್ನು ಮೇಲಿಂದ ಕೆಳಗೆ ನೋಡಿ ಒಂದು ಲೋಟ ನೀರು ತಂದುಕೊಟ್ಟಳು.

"ಕುಡಿ. ಇದಕ್ಕೆ ದುಡ್ಡಿಲ್ಲ."

ಹೆಂಗಸರಲ್ಲಿ ಒಬ್ಬಳು ಕೆಳಗೆ ನೋಡಿಕೊಂಡು ನಕ್ಕಳು. ಅಂದರೆ ಅವನ ಕೀರ್ತಿ ಈ ಬೀದಿಗೂ ಬಂದು ಮುಟ್ಟಿತ್ತು.

ಕಿಟಕಿಯ ಬಳಿ ಒಂದು ಮೇಜನ್ನು ಖಾಲಿ ಮಾಡಿ ಒರೆಸಿಟ್ಟಿದ್ದಳು. ಅದ್ಬೇರೆ ಮೆಷಿನಿನ ಒಡಲನ್ನು ಎತ್ತಿ ಅಲ್ಲಿಟ್ಟ. ಪೀಠವಿಲ್ಲದ ಮೆಷಿನ್ ಕೈಬಿಟ್ಟ ಕೂಡಲೇ ಮಗ್ಗುಲಿಗೆ ಉರುಳಿತು. ಎತ್ತಿ ನಿಲ್ಲಿಸಿದ, ಮತ್ತೆ ಉರುಳಿತು. ಗಾಲಿ, ಹಿಡಿಗಳನ್ನು ಜೋಡಿಸಿಟ್ಟು, ಇದೇ ಇದೆಯಲ್ಲ ಅಕ್ಕ, ಎಲ್ಲ ಇದೆ, ಕೆಳಗಿನ ಹಲಗೆ ಒಂದು ಇಲ್ಲಿಯೇ ಮಾಡಿಸಿಕೊಡುತ್ತೇನೆ ಎಂದ. ದಾರಿಯಲ್ಲಿ ವಿಮಾನದವರು ಹೇಗೆ ಸುಲಿದರು, ಕಾಗದಕ್ಕೆ, ತೂಕಕ್ಕೆ, ನೀರಿಗೆ ಹೇಗೆ ಕೈಚಾಚಿದರು ಎಂದು ವಿವರಿಸಿದ. ಹೇಳುತ್ತ ಹೇಳುತ್ತ ಅವನಿಗೆ ನಿಜವಾಗಿಯೂ ಕಣ್ಣೀರು ಬರುವಂತಾಯಿತು. ಸೀಟಿಗೆ ಅಷ್ಟೇ ಎಂದು ಕರೆದು ಕೂರಿಸಿ, ಆಮೇಲೆ ಒಂದೊಂದಾಗಿ ಬಿಚ್ಚುತ್ತಾರೆ ಅಕ್ಕ, ಮನುಷ್ಯರಲ್ಲ ಅವರು ಎಂದ.

ಅಕ್ಕ ಅವನ ಮುಖ ನೋಡಿದಳು. ಅವನು ಆಡಿದ್ದು ಏನೆಂದು ಅವನಿಗೇ ಹೊಳೆಯುತ್ತದೆಯೋ ಎಂದು ಕಾದಂತಿತ್ತು. ಹೊಳೆಯಲಿಲ್ಲ.

"ಕುರ್ಚಿ ಬೇರೆ, ಮೆಟ್ಟಿಲು ಬೇರೆ ಅಂತ ಲೆಕ್ಕ ಹಾಕೋನಿಗೆ ಮೆಷಿನ್ ಬೇರೆ, ಪೀಠ ಬೇರೆ ಅನ್ಸೋದು ಸಹಜ ಕಣೋ. ನಾನು ಪೂರ್ತಿ ಅಂದಿದ್ದೆ."

"ಹಲಗೆ ತಾನೇ ಅಕ್ಕ."

"ಅಮ್ಮನ ಮೊಣಕೈ ತಾಗಿ ತಾಗಿ ಸವೆದ ಹಲಗೆ ಅದು. ಅದರ ಮೇಲೆ ನೀನು ಕೆಂಪು ಬಣ್ಣ ಬಳಿದೆ, ಆಮೇಲೆ ಕಸಕ್ಕೆ ಹಾಕಿದೆ. ನಾಳೆ ಸಂಜೆವರೆಗೆ ಟೈಮ್ ಇದೆ. ಅಲ್ಲಿವರೆಗೆ ಆ ಸ್ಟೂಲ್ ಮೇಲೆ ಕೂತಿರು, ಬಾಡಿಗೆ ಕೇಳಲ್ಲ."

ಅದ್ಬೇರೆ ಹೊರಗೆ ಬೀದಿಗೆ ಬಂದು ಹೆಂಡತಿಗೆ ಫೋನ್ ಮಾಡಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಹೇಳಿದೆನಲ್ಲ ಎಂದು ಸಹ ಅನ್ನಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ ಎಂದು ಅವನಿಗೆ ತಿಳಿಯಬೇಕಿತ್ತು. ಹೋಗಿ ಹುಡುಕುತ್ತೇನೆ, ಸಿಕ್ಕಿದರೆ ನಾಳೆಯ ಮೊದಲ ವಿಮಾನಕ್ಕೆ ಬರುತ್ತೇನೆ, ಟಿಕೆಟ್ ನಿಮ್ಮ ಕಾರ್ಡಿನಲ್ಲಿ ಎಂದಷ್ಟೇ ಹೇಳಿ ಇಟ್ಟಳು.

ಈ ಹೆಂಗಸು ಮದುವೆಯಾಗಿ ಬಂದಾಗಿನಿಂದ ಆ ಅಂಗಡಿಯ ಸೌಟು ಎಣಿಸಿದವಳು. ಮಸಿ ಚಾರ್ಜು ಗಂಡ ವಸೂಲಿ ಮಾಡುತ್ತಿದ್ದ. ಮಸಿ ಉಜ್ಜುತ್ತಿದ್ದವಳು ಅವಳು. ಕುರ್ಚಿಯ ಹೊದಿಕೆ ಒಗೆದು ಒಣಗಿಸಿ ಮಡಿಚುತ್ತಿದ್ದವಳು, ಗಿರಾಕಿಗಳು ಬಂದು ಬೈಯುವಾಗ ಗಂಡ ಮೇಲಿನ ಮಹಡಿಗೆ ಹತ್ತಿದ ಮೇಲೆ ಕೆಳಗೆ ನಿಂತು ಬೈಸಿಕೊಳ್ಳುತ್ತಿದ್ದವಳು ಅವಳೇ. ಅವಳ ಸಂಬಳವೇನು ಎಂದು ಯಾರಾದರೂ ಅದ್ಬೇರೆಯನ್ನು ಕೇಳಿದ್ದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಬೇರೆ ಅಲ್ಲದ್ದು ಅವಳೊಬ್ಬಳೇ.

ನಿಲ್ದಾಣದಲ್ಲಿ ಪೀಠ ಇಟ್ಟಲ್ಲಿಯೇ ಇತ್ತು. ದಿನವಿಡೀ ಸಾವಿರ ಜನ ಹಾದುಹೋದ ಜಾಗ. ಬಿಟ್ಟ ಛತ್ರಿಯನ್ನೂ ಬಿಡದವರು ಅದರ ತಂಟೆಗೆ ಹೋಗಿರಲಿಲ್ಲ. ಕಸ ಗುಡಿಸುವ ಹೆಂಗಸು ಅದರ ಸುತ್ತ ಬಳಸಿ ಗುಡಿಸಿದ್ದಳು, ಅದೊಂದು ಜಾಗದಲ್ಲಿ ಧೂಳು ಹಾಗೇ ಉಳಿದಿತ್ತು. ಹೆಂಡತಿ ಪೀಠ ಎತ್ತಿಕೊಂಡದ್ದು ಕಂಡು ಗುಡಿಸುವವಳು ಹತ್ತಿರ ಬಂದಳು.

"ಕೆಂಪು ಬಳೆ ನೋಡ್ದೆ ಕಣಕ್ಕ. ನನ್ನ ತಮ್ಮನ ಮದುವೇಲಿ ಒಂದು ಬಕೆಟ್ ಉಳ್ಕೊಂಡು ಆದ ಅವಸ್ಥೆ ಸಾಕು. ಮುಟ್ಟಿದ್ರೆ ಇದಕ್ಕೂ ದಿನದ ಬಾಡಿಗೆ ಶುರು ಆಗುತ್ತೆ ಅಂತ ದೂರ ನಿಂತೆ. ನೀವು ಅವರ ಕಡೆಯವರಾ?"

ಹೆಂಡತಿ ಪೀಠದ ಧೂಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ, ಸದ್ಯಕ್ಕೆ ಹೌದು ಎಂದಳು.

ಮನೆಗೆ ಬಂದು ಫೋನ್ ತೆಗೆದು ಟಿಕೆಟ್ ಮಾಡಿದಳು. ಹೋಗಲಿಕ್ಕೂ ಬರಲಿಕ್ಕೂ. ಪರದೆ ಒಂದೊಂದಾಗಿ ಕೇಳುತ್ತ ಹೋಯಿತು, ಅವಳು ಬೇಕು ಎನ್ನುತ್ತ ಹೋದಳು. ಸಾಮಾನು ಬೇಕು. ಕಿಟಕಿ ಪಕ್ಕದ ಸೀಟು, ಮೊದಲ ಸಾಲು, ಕಾಲು ಚಾಚಲು ಜಾಗ ಇರುವುದು ಬೇಕು. ಬಿಸಿ ಊಟ ಬೇಕು, ಜೊತೆಗೆ ಕಾಫಿ. ಮೊದಲು ಹತ್ತುವುದು ಬೇಕು. ವಿಮೆಗೆ ಅವರು ಹಾಕಿಟ್ಟಿದ್ದ ಟಿಕ್ಕನ್ನು ತೆಗೆಯಲಿಲ್ಲ. ಬೇರೆ ಊರಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಗಂಡನ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ಮೊತ್ತ ನೋಡಿ ಅವನು ಎದ್ದು ನಿಂತ, ಮತ್ತೆ ಕೂತ.

ಭಾನುವಾರ ಮಧ್ಯಾಹ್ನಕ್ಕೆ ಮೊದಲು ಅವಳು ಅಕ್ಕನ ಅಂಗಡಿಗೆ ಬಂದಳು. ಮುಖದಲ್ಲಿ ಆಯಾಸದ ಗೆರೆಯೂ ಇರಲಿಲ್ಲ. ಪೀಠವನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ತಂದಿದ್ದಳು. ಮೇಜಿನ ಮೇಲೆ ಇಟ್ಟು, ಮೆಷಿನನ್ನು ಎತ್ತಿ ಕೂರಿಸಿ, ಅಕ್ಕನಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ತಾನೇ ತಿರುಪು ಬಿಗಿದಳು. ಅದ್ಬೇರೆ ಸಹಾಯಕ್ಕೆ ಕೈಚಾಚಿದಾಗ, ಇರಲಿ ಬಿಡಿ, ಕೂತ್ಕೊಳ್ಳಿ ಎಂದಳು. ಅಕ್ಕ ಗಾಲಿ ತಿರುಗಿಸಿದಳು. ಮೊದಲು ಗೊರಗುಟ್ಟಿತು, ಎಣ್ಣೆ ಬಿಟ್ಟ ಮೇಲೆ ಓಡಿತು. ಒಂದು ಚೂರು ಬಟ್ಟೆಯ ಮೇಲೆ ನೇರವಾದ ಹೊಲಿಗೆ ಬಿತ್ತು. ಅಕ್ಕ ಆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

ಅದ್ಬೇರೆ ಗಂಟಲು ಸರಿಮಾಡಿಕೊಂಡು, ಸರಿ ಅಕ್ಕ, ಮಾತಿನ ಪ್ರಕಾರ ಮೆಷಿನ್ ಬಂತು, ಇನ್ನು ಬರೆಸಿಬಿಡೋಣ ಎಂದ.

"ಬರೆಸೋಣ. ಯಾರು ತಂದಿಟ್ರೂ ಭಾಗ ಅವರಿಗೆ ಅಂದಿದ್ದೆ. ನೀನು ತಂದದ್ದು ನಿಲ್ಲಲಿಲ್ಲ. ನಿಲ್ಲೋ ಹಾಗೆ ತಂದಿಟ್ಟೋಳು ಇವಳು. ಅವಳ ಹೆಸರಿಗೆ ಬರೀತೀನಿ, ದುಡ್ಡು ನೀನು ಕೊಡು."

"ಅವಳು ಬೇರೆ, ನಾನು ಬೇರೆನಾ ಅಕ್ಕ?"

ಕೋಣೆಯಲ್ಲಿ ಮೆಷಿನ್ ತುಳಿಯುವ ಸದ್ದು ನಿಂತಿತು. ಅವನ ಬಾಯಿಂದ ಆ ಪ್ರಶ್ನೆ ಕೇಳಲಿಕ್ಕೆಂದೇ ಅಕ್ಕ ಇಷ್ಟು ವರ್ಷ ಬದುಕಿದ್ದಳೇನೋ. ಹೆಂಡತಿಯ ಕಡೆ ತಿರುಗಿ, ನಿನಗೆ ಒಪ್ಪಿಗೆಯೇನಮ್ಮ ಎಂದು ಕೇಳಿದಳು. ಒಪ್ಪಿಗೆ ಅತ್ತಿಗೆ ಎಂದಳು ಹೆಂಡತಿ. ಗಂಡನ ಮುಖ ನೋಡಲಿಲ್ಲ.

ಅದ್ಬೇರೆ ಜಗ್ಗಾಡಿದ. ಇಬ್ಬರ ಹೆಸರಿಗೆ ಜಂಟಿಯಾಗಿ ಎಂದ, ಮೊದಲು ನನ್ನ ಹೆಸರಿಗೆ ಮಾಡಿ ಆಮೇಲೆ ಅವಳಿಗೆ ಎಂದ, ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿ ತಿರುಗಿಯೂ ನೋಡಿದ. ಅಕ್ಕ ಬಟ್ಟೆ ಕತ್ತರಿಸುತ್ತಿದ್ದಳು. ಹೊತ್ತು ಇಳಿಯುತ್ತಿತ್ತು, ಸಂಜೆ ಎದುರಂಗಡಿಯವನು ಬರುವವನಿದ್ದ. ಓಡಿಹೋಗಲು ಜಾಗವಿಲ್ಲದ ಕಡೆ ದರ ಏರುತ್ತದೆ ಎಂಬುದನ್ನು ಅವನಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಒಪ್ಪಿ ಮುಂಗಡ ಕೊಟ್ಟ. ಸಂಜೆ ಎದುರಂಗಡಿಯವನು ಬಂದು, ವಿಷಯ ಕೇಳಿ, ಮೊದಲು ಪೆಚ್ಚಾದ. ಆಮೇಲೆ ಯಾರ ಹೆಸರಿಗೆ ಎಂದು ಕೇಳಿ ತಿಳಿದು ಹೊಟ್ಟೆ ಹಿಡಿದುಕೊಂಡು ನಗುತ್ತ ಹೋದ.

ಬರೆಸುವುದೆಲ್ಲ ಮುಗಿದ ಮೇಲೆ ಇಬ್ಬರೂ ಒಂದೇ ವಿಮಾನದಲ್ಲಿ ಮರಳಿದರು. ಅವಳು ಮೊದಲ ಸಾಲಿನ ಕಿಟಕಿಯಲ್ಲಿ, ಅವನು ಶೌಚಾಲಯದ ಗೋಡೆಗೆ ಒರಗಿಕೊಂಡು. ನಡುವೆ ಒಮ್ಮೆ ಎದ್ದು ಮುಂದಕ್ಕೆ ಹೋಗಿ ಗೋದಾಮಿನ ವಿಷಯ ಎತ್ತಲು ನೋಡಿದ. ಅವಳು ಊಟದ ಪೊಟ್ಟಣ ಬಿಚ್ಚುತ್ತಿದ್ದಳು. ಇಲ್ಲಿ ನಿಲ್ಲಬೇಡಿ ಸರ್, ಇದು ದುಡ್ಡು ಕೊಟ್ಟವರ ಜಾಗ ಎಂದು ಗಗನಸಖಿ ನಯವಾಗಿ ಹಿಂದಕ್ಕೆ ಕಳಿಸಿದಳು.

ಮಾರನೆಯ ಬೆಳಿಗ್ಗೆ ಒಂದು ಮದುವೆಯ ಸಾಮಾನು ಇಳಿಸಬೇಕಿತ್ತು. ಅದ್ಬೇರೆ ಆಳುಗಳನ್ನು ಕರೆದುಕೊಂಡು ಗೋದಾಮಿಗೆ ಹೋದ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಹೆಂಡತಿ ಕಾಫಿ ಲೋಟ ಹಿಡಿದು ಕೂತಿದ್ದಳು. ಪಕ್ಕದ ಗೋಡೆಯ ಮೇಲೆ ಹಸಿರು ಬಣ್ಣದ ಒಂದು ಬಳೆ ಇನ್ನೂ ಒದ್ದೆಯಾಗಿತ್ತು. ನಡುವೆ ಗೀಟು ಇರಲಿಲ್ಲ. ಸರಿ, ಸೋಫಾ ಇಳಿಸಬೇಕು ಎಂದ.

"ಇಳಿಸಿ. ಮೇಲಿನ ಸೋಫಾ ನಿಮ್ಮವೇ, ಅದಕ್ಕೆ ನಾನೇನೂ ಕೇಳಲ್ಲ."

ಅವನು ಒಂದು ಕಾಲೆತ್ತಿ ಮೆಟ್ಟಿಲ ಮೇಲಿಟ್ಟ. ಅವಳು ಸರಿಯಲಿಲ್ಲ. ಹಿಂದೆ ನಿಂತಿದ್ದ ಆಳುಗಳು ಮುಂದಿನ ಮಾತು ಏನೆಂದು ತಿಳಿದು, ನಗು ತಡೆಯಲಾರದೆ ಗೋಡೆಯ ಕಡೆಗೆ ತಿರುಗಿಕೊಂಡರು. ಅದ್ಬೇರೆಗೂ ತಿಳಿಯಿತು. ಕಾಲನ್ನು ಕೆಳಗಿಳಿಸಿ, ಅರ್ಧ ಬಿಡ್ತೀಯಾ ಎಂದು ಕೇಳಿದ.

"ಬಿಡೋ ಅಧಿಕಾರ ನನಗಿಲ್ಲ ರೀ," ಎಂದು ಅವಳು ಕಾಫಿ ಗುಟುಕರಿಸಿದಳು. "ಮುಂಚೆನೇ ಕಟ್ಟಿದ್ರೆ ಕಡಿಮೆ ಆಗ್ತಿತ್ತು."